ಮಾಲ್ಟಾದಲ್ಲಿ ಖಾರದ ಸಾಸ್ ಮಾರುವ ದಾರಿ: ಎರಡನೇ ಬಾಟಲಿಯ ಲೆಕ್ಕ

ಮಾಲ್ಟಾಕ್ಕೆ ಬಂದ ನಮ್ಮ ಹುಡುಗರಲ್ಲಿ ಆರು ತಿಂಗಳಿಗೊಬ್ಬರಾದರೂ ನನಗೆ ಫೋನ್ ಮಾಡುತ್ತಾರೆ. "ಸಾರ್, ಇಲ್ಲಿ ಊಟ ಸಪ್ಪೆ. ಒಂದು ಒಳ್ಳೆ ಖಾರದ ಸಾಸ್ ತಂದರೆ ಓಡುತ್ತೆ ಅಲ್ವಾ?" ಅಂತ ಕೇಳುತ್ತಾರೆ. ಓಡುತ್ತದೆ. ಆದರೆ ಎಷ್ಟು ದೂರ ಓಡುತ್ತದೆ ಅನ್ನುವುದೇ ಪ್ರಶ್ನೆ. ಮೊದಲ ಬಾಟಲಿಯನ್ನು ಜನ ಕುತೂಹಲಕ್ಕೆ ಕೊಳ್ಳುತ್ತಾರೆ. ಸಿಸಿಲಿಯ ಕೆಳಗಿರುವ ಈ ದ್ವೀಪದಲ್ಲಿ ಕುತೂಹಲಕ್ಕೆ ಕೊಳ್ಳುವ ಜನ ಬೇಗ ಮುಗಿದುಹೋಗುತ್ತಾರೆ. ಆಮೇಲೆ ಉಳಿಯುವುದು ಎರಡನೇ ಬಾಟಲಿ ಕೊಳ್ಳುವವರು ಮಾತ್ರ. ಮುಂದೆ ಹೇಳುವ ಪ್ರತಿ ಹಂತದಲ್ಲೂ ಅವರನ್ನು ನೆನಪಿಟ್ಟುಕೊಳ್ಳಿ.

ಜಾಗದ ಅಳತೆ ಮೊದಲು ತಲೆಗೆ ಹೋಗಲಿ. ಮಾಲ್ಟಾ ದೇಶದ ಒಟ್ಟು ವಿಸ್ತೀರ್ಣ 316 ಚದರ ಕಿಲೋಮೀಟರ್. ಬೆಂಗಳೂರು ನಗರದ ವ್ಯಾಪ್ತಿ ಇದರ ಎರಡರಷ್ಟಕ್ಕಿಂತ ಜಾಸ್ತಿ. 2021ರ ಜನಗಣತಿಯಲ್ಲಿ ಇಲ್ಲಿದ್ದವರು 5.19 ಲಕ್ಷ. ಇಡೀ ದೇಶದ ಮಾರುಕಟ್ಟೆ ಅಂದರೆ ಹುಬ್ಬಳ್ಳಿ-ಧಾರವಾಡಕ್ಕಿಂತ ಚಿಕ್ಕದು. ಇದರ ಮೇಲೆ ಪ್ರವಾಸಿಗರು ಬರುತ್ತಾರೆ. 2024ರಲ್ಲಿ 35 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ದ್ವೀಪದಲ್ಲಿ ಬೆಳೆಯುವುದು ಕಡಿಮೆ, ಹೊರಗಿನಿಂದ ಬರುವುದು ಜಾಸ್ತಿ. ಅಂಗಡಿಯ ಶೆಲ್ಫಿನಲ್ಲಿ ಕಾಣುವ ಹೆಚ್ಚಿನ ಡಬ್ಬ, ಬಾಟಲಿಗಳು ಹಡಗಿನಲ್ಲಿ ಬಂದವು. ಇಟಲಿಯ ಜೆನೊವಾ, ಸಿಸಿಲಿಯ ಕಟಾನಿಯಾ ಕಡೆಯಿಂದ ಟ್ರೇಲರ್‌ಗಳೇ ಹಡಗು ಹತ್ತಿ ಬರುತ್ತವೆ.

1. ಶೆಲ್ಫ್ ಮುಂದೆ ನಿಂತು ನೋಡಿ

ಪಾಕವಿಧಾನ ಬರೆಯುವ ಮೊದಲು ಎರಡು ಶನಿವಾರ ಖರ್ಚು ಮಾಡಿ. ಮೊಸ್ತಾದ ಪಾಮಾ, ಓರ್ಮಿಯ ಪಾವಿ, ಸ್ವಿಯೆಇಯ ಗ್ರೀನ್ಸ್ ತರಹದ ದೊಡ್ಡ ಸೂಪರ್ ಮಾರ್ಕೆಟ್‌ಗೆ ಹೋಗಿ. ಲಿಡ್ಲ್ ಅನ್ನುವ ಅಗ್ಗದ ಸರಣಿ ಅಂಗಡಿಗೂ ಹೋಗಿ. ಅಲ್ಲಿ ನಿಮಗೆ ಜಾಗ ಸಿಗುವುದಿಲ್ಲ, ಯಾಕೆಂದರೆ ಅವರ ಖರೀದಿಯ ರೀತಿಯೇ ಬೇರೆ. ಆದರೆ ಅಗ್ಗದ ಸಾಸಿನ ಬೆಲೆ ಎಲ್ಲಿಗೆ ನಿಂತಿದೆ ಅನ್ನುವುದು ಗೊತ್ತಾಗುತ್ತದೆ. ಆಮೇಲೆ ಹಮ್ರುನ್, ಗ್ಜಿರಾ, ಇಮ್ಸಿದಾ ಕಡೆಯ ಏಷ್ಯನ್ ದಿನಸಿ ಅಂಗಡಿಗಳನ್ನು ನೋಡಿ. ಪ್ರತಿ ಕಡೆ ಸಾಸುಗಳ ಫೋಟೋ ತೆಗೆದು ಮಿಲಿಲೀಟರ್ ಎಷ್ಟು, ಬೆಲೆ ಎಷ್ಟು, ಹಿಂದುಗಡೆ ಆಮದುದಾರನ ಹೆಸರು ಯಾರದು ಅಂತ ಬರೆದುಕೊಳ್ಳಿ.

ಆ ಮೂರನೆಯದು ಬಹಳ ಮುಖ್ಯ. ಇಪ್ಪತ್ತು ಬ್ರ್ಯಾಂಡ್ ಕಂಡರೂ ಹಿಂದೆ ತಿರುಗಿಸಿದಾಗ ಅದೇ ಕೆಲವು ಆಮದುದಾರರ ಹೆಸರು ಮತ್ತೆ ಮತ್ತೆ ಬರುತ್ತದೆ. ದ್ವೀಪದ ವ್ಯಾಪಾರ ಇರುವುದು ಅವರ ಕೈಯಲ್ಲಿ. ನಾಳೆ ನೀವು ಬಾಗಿಲು ತಟ್ಟಬೇಕಾದ ಮನೆಗಳ ಪಟ್ಟಿ ನಿಮಗೆ ಹೀಗೆ ಪುಕ್ಕಟೆಯಾಗಿ ಸಿಗುತ್ತದೆ.

ಇಲ್ಲಿಯವರು ಖಾರವನ್ನೇ ತಿನ್ನುವುದಿಲ್ಲ ಅಂತ ತಿಳಿಯಬೇಡಿ. ಒಣ ಅವರೆಯಂಥ ಕಾಳನ್ನು ಬೇಯಿಸಿ ಅರೆದು ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕುವ ಬಿಜಿಲ್ಲಾ ಇಲ್ಲಿಯದೇ ತಿಂಡಿ. ಗಲ್ಲೆತ್ತಿ ಅನ್ನುವ ಗಟ್ಟಿ ಬಿಸ್ಕತ್ತಿನ ಜೊತೆ ತಿನ್ನುತ್ತಾರೆ. ಖಾರದ ಮೆಣಸಿನಕಾಯಿಗೆ ಅವರ ಮಾತಿನಲ್ಲಿ ಬ್ಜಾರ್ ಅಹ್ರಾಶ್ ಅನ್ನುತ್ತಾರೆ. ಆದರೆ ಅವರಿಗೆ ಖಾರ ಅಂದರೆ ನಾಲಿಗೆಗೆ ಚುರುಕ್ ಅನ್ನಬೇಕು, ಕಣ್ಣಲ್ಲಿ ನೀರು ಬರಬಾರದು. ಫ್ತೀರಾ ರೊಟ್ಟಿಗೆ, ಪಫ್ಸಿನಂಥ ಪಸ್ತಿತ್ಸಿಗೆ, ಬರ್ಗರಿಗೆ, ಪಿಜ್ಜಾಕ್ಕೆ ಹಾಕಿಕೊಳ್ಳುವಂಥದ್ದು ಇರಬೇಕು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಗುಣ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಬಣ್ಣ ಜಾಸ್ತಿ, ಖಾರ ಕಡಿಮೆ. ಹಾವೇರಿ ಜಿಲ್ಲೆಯ ಆ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಲೇಬಲ್ಲಿನ ಮೇಲೆ ಹೇಳಿಕೊಳ್ಳಲು ನಿಜವಾದ ಒಂದು ಕಥೆಯೂ ಆಯಿತು.

ನರಕ, ತಲೆಬುರುಡೆ, ಬೆಂಕಿ ಅಂತ ಚಿತ್ರ ಹಾಕಿ ವಿಪರೀತ ಖಾರದ ಸಾಸ್ ಮಾರುವ ಆಸೆ ಬಿಡಿ. ಅಂಥ ಬಾಟಲಿಯನ್ನು ಗೆಳೆಯನ ಹುಟ್ಟುಹಬ್ಬಕ್ಕೆ ತಮಾಷೆಗೆ ಕೊಡುತ್ತಾರೆ. ಅದು ಎರಡು ವರ್ಷ ಫ್ರಿಜ್ಜಿನ ಬಾಗಿಲಲ್ಲಿ ಕೂತಿರುತ್ತದೆ. ಎರಡನೇ ಬಾಟಲಿ ಹೋಗುವುದೇ ಇಲ್ಲ. ಕಾನೂನಿನ ಕಿರಿಕಿರಿಯೂ ಇದೆ. 2024ರ ಜೂನ್‌ನಲ್ಲಿ ಡೆನ್ಮಾರ್ಕ್‌ನ ಆಹಾರ ಇಲಾಖೆ ಕೊರಿಯಾದ ಬುಲ್ಡಾಕ್ ನೂಡಲ್ಸನ್ನು ಖಾರ ಜಾಸ್ತಿ ಆಯಿತು ಅನ್ನುವ ಕಾರಣಕ್ಕೇ ಅಂಗಡಿಗಳಿಂದ ವಾಪಸ್ ತರಿಸಿತ್ತು. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನನ್ನು ಶುದ್ಧ ರೂಪದಲ್ಲಿ ಹಾಗೇ ಆಹಾರಕ್ಕೆ ಸೇರಿಸುವುದಕ್ಕೆ ಯುರೋಪಿನಲ್ಲಿ ಅನುಮತಿ ಇಲ್ಲ.

2. ನೀವು ವ್ಯಾಪಾರ ಮಾಡಬಹುದಾ?

ಇದನ್ನು ಎಲ್ಲರೂ ಕೊನೆಗೆ ಕೇಳುತ್ತಾರೆ. ನೀವು ಭಾರತದಿಂದ ಬಂದು, ವಾಸಕ್ಕೂ ಕೆಲಸಕ್ಕೂ ಸೇರಿಸಿ ಕೊಡುವ ಸಿಂಗಲ್ ಪರ್ಮಿಟ್‌ನಲ್ಲಿ ಕೆಲಸ ಮಾಡುತ್ತಿದ್ದರೆ ಆ ಪರ್ಮಿಟ್ ಒಬ್ಬ ಮಾಲೀಕನಿಗೆ, ಒಂದು ಕೆಲಸಕ್ಕೆ ಕಟ್ಟಿಹಾಕಿದ್ದು. ಸಂಜೆ ಹೊತ್ತು ಸುಮ್ನೆ ಸಾಸ್ ಮಾರುತ್ತೇನೆ ಅಂದರೆ ಪರ್ಮಿಟ್ಟಿಗೇ ಕುತ್ತು. ಮೊದಲು ವಲಸೆ ವ್ಯವಹಾರ ಗೊತ್ತಿರುವ ವಕೀಲರನ್ನು ಕಾಣಿ. ಯುರೋಪಿನ ಪೌರತ್ವ ಅಥವಾ ದೀರ್ಘಕಾಲದ ವಾಸದ ಹಕ್ಕು ಇರುವವರಿಗೆ ದಾರಿ ಸಲೀಸು.

ಸ್ವಂತ ಹೆಸರಿನಲ್ಲಿ ಮಾಡಬಹುದು, ಇಲ್ಲವೇ ಕಂಪನಿ ತೆರೆಯಬಹುದು. ಖಾಸಗಿ ಲಿಮಿಟೆಡ್ ಕಂಪನಿಗೆ ಬೇಕಾದ ಕನಿಷ್ಠ ಷೇರು ಬಂಡವಾಳ ಸುಮಾರು 1,165 ಯೂರೊ, ಅದರಲ್ಲಿ ಶೇ 20 ಕಟ್ಟಿದರೆ ಸಾಕು. ನೋಂದಣಿ ಮಾಲ್ಟಾ ಬಿಸಿನೆಸ್ ರಿಜಿಸ್ಟ್ರಿಯಲ್ಲಿ. ವ್ಯಾಟ್ ನಂಬರ್ ತೆಗೆದುಕೊಳ್ಳಿ. ಯುರೋಪ್ ಒಕ್ಕೂಟದ ಹೊರಗಿನಿಂದ ಸರಕು ತರಿಸುವುದಾದರೆ ಕಸ್ಟಮ್ಸ್‌ನವರು ಕೇಳುವ ಇಒಆರ್‌ಐ ನಂಬರ್ ಕೂಡ ಬೇಕು. ಆಹಾರ ವ್ಯಾಪಾರಕ್ಕೆ ಪರಿಸರ ಆರೋಗ್ಯ ನಿರ್ದೇಶನಾಲಯದಲ್ಲಿ ನೋಂದಣಿ ಆಗಲೇಬೇಕು. ಗೋದಾಮಿನಲ್ಲಿ ಬಾಟಲಿ ಇಟ್ಟು ಮಾರುವವರಿಗೂ ಇದು ಅನ್ವಯಿಸುತ್ತದೆ.

3. ಎಲ್ಲಿ ತಯಾರಿಸುವುದು

ಮೂರು ದಾರಿಗಳಿವೆ. ಊರಿನಲ್ಲಿ ಮಾಡಿಸಿ ಹಡಗಿನಲ್ಲಿ ತರಿಸುವುದು ಒಂದು. ಇಟಲಿಯಲ್ಲೋ ಯುರೋಪಿನ ಇನ್ನೊಂದು ಕಡೆಯೋ ಬೇರೆಯವರ ಕಾರ್ಖಾನೆಯಲ್ಲಿ ನಿಮ್ಮ ಹೆಸರಿನಲ್ಲಿ ಮಾಡಿಸುವುದು ಎರಡು. ದ್ವೀಪದಲ್ಲೇ ಅಡುಗೆಮನೆ ಹಿಡಿದು ಕುದಿಸುವುದು ಮೂರು.

ನಮ್ಮವರ ಮನಸ್ಸು ಮೊದಲನೆಯದಕ್ಕೆ ಎಳೆಯುತ್ತದೆ, ಅಲ್ಲಿ ಅಗ್ಗ ಅಂತ. ಒಂದು ಲೆಕ್ಕ ಹಾಕೋಣ. 20 ಅಡಿ ಕಂಟೇನರಿನಲ್ಲಿ ಸುಮಾರು 10 ಪ್ಯಾಲೆಟ್ ಹಿಡಿಯುತ್ತದೆ. ಪ್ಯಾಲೆಟ್ಟಿಗೆ 1,500 ಸಣ್ಣ ಬಾಟಲಿ ಅಂದುಕೊಂಡರೆ 15,000 ಬಾಟಲಿ. ನಿಮಗೆ 30 ಅಂಗಡಿ ಸಿಕ್ಕಿತು, ಒಂದೊಂದರಲ್ಲಿ ತಿಂಗಳಿಗೆ 6 ಬಾಟಲಿ ಹೋಯಿತು ಅಂತ ಇಟ್ಟುಕೊಳ್ಳಿ. ಹೊಸಬರಿಗೆ ಇದೇನೂ ಕಡಿಮೆಯಲ್ಲ. ತಿಂಗಳಿಗೆ 180 ಬಾಟಲಿ. ಕಂಟೇನರ್ ಖಾಲಿಯಾಗಲು 83 ತಿಂಗಳು, ಅಂದರೆ ಏಳು ವರ್ಷ. ಸಾಸಿನ ಬಾಳಿಕೆ ಒಂದೂವರೆ ವರ್ಷ! ದೊಡ್ಡ ದೇಶದ ಲೆಕ್ಕವನ್ನು ಸಣ್ಣ ದ್ವೀಪಕ್ಕೆ ತಂದರೆ ಆಗುವುದು ಇದೇ. ಪೂರ್ತಿ ಕಂಟೇನರ್ ಬೇಡ, ಒಂದು ಪ್ಯಾಲೆಟ್ ಸಾಕು ಅಂದರೆ ಬಾಟಲಿಗೆ ಬೀಳುವ ಸಾಗಣೆ ಖರ್ಚು ಏರಿ ಊರಿನ ಅಗ್ಗ ಅಲ್ಲಿಗೇ ಕರಗುತ್ತದೆ. ಕೆಂಪು ಸಮುದ್ರದ ಗಲಾಟೆ ಶುರುವಾದ 2023ರ ಕೊನೆಯಿಂದ ಬಹಳಷ್ಟು ಹಡಗುಗಳು ಆಫ್ರಿಕಾವನ್ನು ಸುತ್ತಿಕೊಂಡು ಬಂದವು. ಇಂಥ ಕಾಲದಲ್ಲಿ ಸರಕು ಯಾವ ವಾರ ಬರುತ್ತದೆ ಅಂತ ಅಂಗಡಿಯವರಿಗೆ ಮಾತು ಕೊಡಲಾಗುವುದಿಲ್ಲ.

ತಪಾಸಣೆಯ ಮಾತು ಬೇರೆ. ಭಾರತದ ಮೆಣಸಿನಕಾಯಿಯ ಮೇಲೆ ಯುರೋಪಿನ ಕಣ್ಣು ಇಂದು ನೆಟ್ಟದ್ದಲ್ಲ. ಭಾರತದಿಂದ ಬಂದ ಮೆಣಸಿನಪುಡಿಯಲ್ಲಿ ಸುಡಾನ್ 1 ಅನ್ನುವ ಕಾರ್ಖಾನೆಯ ಬಣ್ಣ 2003ರಲ್ಲಿ ಫ್ರಾನ್ಸಿನಲ್ಲಿ ಪತ್ತೆಯಾಯಿತು. 2005ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಅದೇ ಬಣ್ಣ ಒಂದು ವೂಸ್ಟರ್ ಸಾಸಿನಲ್ಲಿ ಸಿಕ್ಕಿತು. ಆ ಸಾಸ್ ಸೇರಿದ್ದ 400ಕ್ಕೂ ಹೆಚ್ಚು ತಿನಿಸುಗಳನ್ನು ಅಂಗಡಿಗಳಿಂದ ತೆಗೆಸಬೇಕಾಯಿತು. ಒಂದು ಚೀಲ ಕಲಬೆರಕೆ ಪುಡಿ ಎಷ್ಟು ದೂರ ಹೋಗುತ್ತದೆ ನೋಡಿ. ಗಡಿಯಲ್ಲಿ ಹೆಚ್ಚು ತಪಾಸಣೆ ಆಗಬೇಕಾದ ಸರಕುಗಳ ಪಟ್ಟಿ ಈಗಿನ ನಿಯಮ 2019/1793ರಲ್ಲಿದೆ. ಅದರಲ್ಲಿ ಭಾರತದ ಒಣಮೆಣಸಿನಕಾಯಿ ಅಫ್ಲಾಟಾಕ್ಸಿನ್ ಅನ್ನುವ ಬೂಸ್ಟಿನ ವಿಷದ ಕಾರಣಕ್ಕೆ ಸೇರಿದೆ. ಸಾಸ್ ಮತ್ತು ಮಸಾಲೆ ಮಿಶ್ರಣಗಳು ಎಥಿಲೀನ್ ಆಕ್ಸೈಡ್ ಅನ್ನುವ ಕ್ರಿಮಿನಾಶಕ ಅನಿಲದ ಕಾರಣಕ್ಕೆ ಸೇರಿವೆ. ಈ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ತಿದ್ದುತ್ತಾರೆ. ಹಾಗಾಗಿ ಸರಕು ಕಳಿಸುವ ದಿನ ಚಾಲ್ತಿಯಲ್ಲಿರುವ ಪಟ್ಟಿಯನ್ನೇ ನೋಡಿ. ಒಣಮೆಣಸಿನಕಾಯಿಯಲ್ಲಿ ಅಫ್ಲಾಟಾಕ್ಸಿನ್ ಬಿ1 ಕಿಲೋಗೆ 5 ಮೈಕ್ರೋಗ್ರಾಂ, ಒಟ್ಟು ಅಫ್ಲಾಟಾಕ್ಸಿನ್ 10 ಮೈಕ್ರೋಗ್ರಾಂ ದಾಟುವಂತಿಲ್ಲ. ಹಡಗು ಬರುವ ಮೊದಲೇ ಟ್ರೇಸಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಮಾಹಿತಿ ಕೊಡಬೇಕು. ಅಧಿಕಾರಿಗಳು ಮಾದರಿ ತೆಗೆದರೆ ವರದಿ ಬರುವವರೆಗೆ ಸರಕು ಬಂದರಿನಲ್ಲೇ ಕೂರುತ್ತದೆ. ಬಾಡಿಗೆ ಮೀಟರ್ ಓಡುತ್ತಿರುತ್ತದೆ. ಇದರ ಮೇಲೆ ಸುಂಕ. ಇಂಥ ಸಾಸ್ ಸಾಮಾನ್ಯವಾಗಿ 2103 90 90 ಸಂಕೇತದಡಿ ಬರುತ್ತದೆ, ಮಾಮೂಲಿ ದರ ಶೇ 7.7. ಮೀನಿನ ಸಾಸ್, ಸೀಗಡಿ, ಜೇನು, ಹಾಲಿನ ಪುಡಿ ಏನಾದರೂ ಬೆರೆಸಿದ್ದರೆ ಪ್ರಾಣಿಜನ್ಯ ಪದಾರ್ಥದ ನಿಯಮಗಳೂ ಜೊತೆಗೆ ಬರುತ್ತವೆ. ಮೊದಲ ಸಾಸಿಗೆ ಇವು ಯಾವುವೂ ಬೇಡ.

ನನ್ನ ಸಲಹೆ ಎರಡನೆಯ ದಾರಿ. ಒಕ್ಕೂಟದೊಳಗಿನ ಕಾರ್ಖಾನೆಯಿಂದ ಬಂದರೆ ಗಡಿ ಸುಂಕ ಇಲ್ಲ, ಗಡಿಯಲ್ಲಿ ಈ ತಪಾಸಣೆ ಇಲ್ಲ. ಟ್ರೇಲರಿನಲ್ಲಿ ಅರ್ಧ ಪ್ಯಾಲೆಟ್ ಕೂಡ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬೇಕೇ ಬೇಕು ಅಂದರೆ, ಯುರೋಪಿಗೆ ಈಗಾಗಲೇ ತರಿಸಿ ಪರೀಕ್ಷೆ ಮಾಡಿಸಿರುವ ಮಸಾಲೆ ವ್ಯಾಪಾರಿಯಿಂದ ವರದಿಯ ಸಮೇತ ಕೊಂಡು ಕಾರ್ಖಾನೆಗೆ ಕಳಿಸಿ. ಸಾಸಿನಲ್ಲಿ ಪ್ರಯಾಣ ಮಾಡುವ ತೂಕ ಬಹುಪಾಲು ನೀರು, ವಿನೆಗರ್, ಗಾಜು. ಅವನ್ನು ಹಾವೇರಿಯಿಂದ ಹೊತ್ತು ತರುವುದರಲ್ಲಿ ಏನೂ ಅರ್ಥವಿಲ್ಲ.

ಮೂರನೆಯ ದಾರಿ, ಅಂದರೆ ದ್ವೀಪದಲ್ಲೇ ಮಾಡುವುದು, 200 ಬಾಟಲಿಯ ಪ್ರಯೋಗಕ್ಕೆ ಒಳ್ಳೆಯದು. ನೋಂದಣಿ ಆಗಿರುವ, ಬೆಳಗ್ಗೆ ಖಾಲಿ ಇರುವ ಹೋಟೆಲ್ ಅಡುಗೆಮನೆಯನ್ನು ಗಂಟೆಯ ಲೆಕ್ಕದಲ್ಲಿ ಹಿಡಿಯಿರಿ. ಮನೆಯ ಒಲೆಯ ಮೇಲೆ ಗುಟ್ಟಾಗಿ ಕುದಿಸಿ ಮಾರುವ ಕೆಲಸ ಮಾತ್ರ ಬೇಡ. ಸಣ್ಣ ಊರು, ಸುದ್ದಿ ಸಂಜೆಯೊಳಗೆ ಹರಡುತ್ತದೆ.

4. ಹುಳಿಯ ಅಳತೆ

ಖಾರ ಸಾಸನ್ನು ಕಾಪಾಡುವುದಿಲ್ಲ, ಹುಳಿ ಕಾಪಾಡುತ್ತದೆ. ಹುಳಿಯನ್ನು ಅಳೆಯುವುದು ಪಿಎಚ್ ಅನ್ನುವ ಸಂಖ್ಯೆಯಲ್ಲಿ, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.6ಕ್ಕಿಂತ ಮೇಲೆ ಇದ್ದರೆ ಮುಚ್ಚಿದ ಬಾಟಲಿಯೊಳಗೆ, ಜೀವಕ್ಕೇ ಕುತ್ತಾಗುವ ಬಾಟುಲಿಸಂ ಕಾಯಿಲೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು. ಗುರಿ 4ಕ್ಕಿಂತ ಕೆಳಗೆ ಇರಲಿ. ಪೇಪರ್ ಪಟ್ಟಿಯನ್ನು ನಂಬಬೇಡಿ, ಕೆಂಪು ಸಾಸಿನಲ್ಲಿ ಅದರ ಬಣ್ಣವೇ ಗೊತ್ತಾಗುವುದಿಲ್ಲ. ಡಿಜಿಟಲ್ ಮೀಟರ್ ಕೊಂಡು, ಪ್ರತಿ ಸಲ 4 ಮತ್ತು 7ರ ದ್ರಾವಣದಲ್ಲಿ ಸರಿಹೊಂದಿಸಿ ಅಳೆಯಿರಿ. ಮಾಡಿದ ದಿನವೂ ಅಳೆಯಿರಿ, ಮಾರನೇ ದಿನವೂ ಅಳೆಯಿರಿ. ಬೆಳ್ಳುಳ್ಳಿ, ಮೆಣಸಿನ ಚೂರುಗಳೊಳಗೆ ಹುಳಿ ಇಳಿಯಲು ಹೊತ್ತು ಬೇಕು. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿದ ಸಾಸಿನ ತಂಟೆಗೆ ಹೋಗಬೇಡಿ.

85 ಡಿಗ್ರಿಗಿಂತ ಬಿಸಿ ಇರುವಾಗಲೇ ತುಂಬಿ, ಮುಚ್ಚಳ ಹಾಕಿ, ಬಾಟಲಿಯನ್ನು ಕೆಲವು ನಿಮಿಷ ಬೋರಲು ಹಾಕಿ. ಮುಚ್ಚಳದ ಒಳಗೂ ಬಿಸಿ ತಾಗಬೇಕು. ಹುದುಗು ಬರಿಸಿದ ಸಾಸಿಗೆ ಈಗ ಮರ್ಯಾದೆ ಜಾಸ್ತಿ. ಆದರೆ ಕುದಿಸದೆ ಜೀವಂತ ತುಂಬಿದರೆ ಒಳಗೆ ಗ್ಯಾಸ್ ಸೇರುತ್ತದೆ. ಮಾಲ್ಟಾದ ಆಗಸ್ಟ್‌ನಲ್ಲಿ, ಎಸಿ ಇಲ್ಲದ ವ್ಯಾನಿನೊಳಗೆ ಆ ಬಾಟಲಿಗಳು ಏನು ಮಾಡುತ್ತವೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ವ್ಯಾನಿನ ಛಾವಣಿ ಇವತ್ತಿಗೂ ಕೆಂಪಗಿದೆ.

ಮಾದರಿಯನ್ನು ಪ್ರಯೋಗಾಲಯಕ್ಕೆ ಕೊಟ್ಟು ಪಿಎಚ್, ಸೂಕ್ಷ್ಮಜೀವಿ, ಪೌಷ್ಟಿಕಾಂಶದ ವರದಿ ತೆಗೆದುಕೊಳ್ಳಿ. ಯಾವ ದಿನ ಎಷ್ಟು ಮಾಡಿದಿರಿ, ಮೆಣಸಿನಕಾಯಿ ಯಾರಿಂದ ಬಂತು, ಬಾಟಲಿ ಯಾರಿಗೆ ಹೋಯಿತು ಅನ್ನುವ ಪುಸ್ತಕ ಇಡುವುದು ಕಾನೂನು. ಹಿಂದಿನ ಒಂದು ಕೈ, ಮುಂದಿನ ಒಂದು ಕೈ ಗೊತ್ತಿರಲೇಬೇಕು. ನಾಳೆ ಏನಾದರೂ ಎಡವಟ್ಟಾದರೆ ಒಂದು ಬ್ಯಾಚ್ ವಾಪಸ್ ತರಿಸಿದರೆ ಸಾಕಾಗುತ್ತದೋ, ಎಲ್ಲವನ್ನೂ ತರಿಸಬೇಕೋ ಅನ್ನುವುದನ್ನು ಈ ಪುಸ್ತಕವೇ ತೀರ್ಮಾನಿಸುತ್ತದೆ.

5. ಲೇಬಲ್: ದುಡ್ಡು ಕಳೆಯುವ ಜಾಗ

ನನ್ನ ಮೊದಲ 400 ಲೇಬಲ್ ಕಸಕ್ಕೆ ಹೋದವು. ಪದಾರ್ಥಗಳ ಪಟ್ಟಿಯಲ್ಲಿ ಸಾಸಿವೆ ಇತ್ತು, ಆದರೆ ಉಳಿದ ಅಕ್ಷರಗಳ ಹಾಗೇ ಇತ್ತು. ಯುರೋಪಿನಲ್ಲಿ 14 ಅಲರ್ಜಿ ಪದಾರ್ಥಗಳನ್ನು ದಪ್ಪಕ್ಷರದಲ್ಲೋ ಬೇರೆ ರೀತಿಯಲ್ಲೋ ಎದ್ದು ಕಾಣುವಂತೆ ಬರೆಯಬೇಕು. ನಮ್ಮ ಒಗ್ಗರಣೆಯ ಸಾಸಿವೆ ಅದರಲ್ಲಿ ಒಂದು. ಎಳ್ಳು, ಶೇಂಗಾ, ಸೋಯಾ, ಸೆಲರಿ, ಮೀನು, ಗ್ಲುಟೆನ್ ಇರುವ ಗೋಧಿ ಕೂಡ ಅದರಲ್ಲಿವೆ. ಹಿಂಗು ಹಾಕುವವರು ನೆನಪಿಡಿ: ಪುಡಿ ಹಿಂಗಿಗೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಲ್ಲಿಗೆ ಸಾಸಿನಲ್ಲಿ ಗೋಧಿ ಬಂದಂತಾಯಿತು.

ನಿಯಮದ ಸಂಖ್ಯೆ 1169/2011. ಮಾಲ್ಟಾದಲ್ಲಿ ಇಂಗ್ಲಿಷ್ ಲೇಬಲ್ ನಡೆಯುತ್ತದೆ, ಅದು ನಮಗೆ ದೊಡ್ಡ ಅನುಕೂಲ. ಹೆಸರು, ತೂಕದ ಇಳಿಕೆ ಕ್ರಮದಲ್ಲಿ ಪದಾರ್ಥಗಳು, ನಿವ್ವಳ ಪ್ರಮಾಣ, ಬಾಳಿಕೆಯ ದಿನಾಂಕ, ತೆರೆದ ಮೇಲೆ ಇಡುವ ರೀತಿ, ಒಕ್ಕೂಟದೊಳಗಿನ ಹೊಣೆಗಾರನ ವಿಳಾಸ, ಬ್ಯಾಚ್ ನಂಬರ್ ಇರಬೇಕು. 100 ಮಿಲಿ ಅಥವಾ 100 ಗ್ರಾಮಿಗೆ ಶಕ್ತಿ, ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಕಾರ್ಬೋಹೈಡ್ರೇಟ್, ಸಕ್ಕರೆ, ಪ್ರೋಟೀನ್, ಉಪ್ಪು ಇವುಗಳ ಪಟ್ಟಿಯೂ ಬೇಕು. ಹೆಸರಿನಲ್ಲಿ 'ಬ್ಯಾಡಗಿ ಮೆಣಸಿನ ಸಾಸ್' ಅಂದರೆ ಆ ಮೆಣಸು ಶೇಕಡಾ ಎಷ್ಟು ಅಂತ ಪದಾರ್ಥಗಳ ಜೊತೆ ಬರೆಯಬೇಕು. ಅಕ್ಷರದ ಎತ್ತರ, ಅಂದರೆ ಸಣ್ಣ ಎಕ್ಸ್ ಅಕ್ಷರದ ಎತ್ತರ, 1.2 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಬಾಟಲಿಯ ದೊಡ್ಡ ಮುಖ 80 ಚದರ ಸೆಂಟಿಮೀಟರಿಗಿಂತ ಚಿಕ್ಕದಾದರೆ 0.9 ಸಾಕು. ಡಿಸೈನ್ ಮಾಡುವ ಹುಡುಗನಿಗೆ ಮೊದಲ ದಿನವೇ ಇದನ್ನು ಹೇಳಿಬಿಡಿ. ಚಂದ ಕಾಣಲಿ ಅಂತ ಅವನು ಅಕ್ಷರವನ್ನು ಇರುವೆ ಮಾಡುತ್ತಾನೆ.

ಬಣ್ಣದ ವಿಷಯದಲ್ಲಿ ಹುಷಾರು. ಊರಿನ ಕೆಂಪು ಸಾಸುಗಳ ಹೊಳಪು ಎಷ್ಟೋ ಸಲ ಕೃತಕ ಬಣ್ಣದ್ದು. ಇ 102, ಇ 104, ಇ 110, ಇ 122, ಇ 124, ಇ 129 ಇವುಗಳಲ್ಲಿ ಯಾವುದು ಇದ್ದರೂ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಅನ್ನುವ ಎಚ್ಚರಿಕೆ ಅಚ್ಚು ಹಾಕಬೇಕು. ಅದನ್ನು ಓದಿದ ತಾಯಿ ಬಾಟಲಿಯನ್ನು ವಾಪಸ್ ಇಡುತ್ತಾಳೆ. ಬ್ಯಾಡಗಿ ಇರುವಾಗ ಬಣ್ಣ ಯಾಕೆ ಬೇಕು, ಹೇಳಿ. ಹೊಗೆಯ ರುಚಿಗೆ ದ್ರವರೂಪದ ಹೊಗೆ ಹಾಕುವ ಯೋಚನೆಯೂ ಬೇಡ. ಅಂಥ ಎಂಟು ಪದಾರ್ಥಗಳ ಅನುಮತಿಯನ್ನು ಮುಂದುವರಿಸದಿರಲು ಒಕ್ಕೂಟ 2024ರಲ್ಲಿ ತೀರ್ಮಾನಿಸಿದೆ.

ಮಾಲ್ಟಾದ ಶಿಲುಬೆ, ಬಣ್ಣದ ಲುಝ್ಝು ದೋಣಿ ಹಾಕಿ ಸ್ಥಳೀಯ ಸರಕು ಅಂತ ತೋರಿಸಿಕೊಳ್ಳುವ ಆಸೆ ಸಹಜ. ಆದರೆ ಮುಖ್ಯ ಪದಾರ್ಥ ಬೇರೆ ಕಡೆಯದಾದರೆ ಅದನ್ನೂ ಹೇಳಬೇಕಾಗುತ್ತದೆ. ಹೇಳಿಬಿಡಿ, ನಾಚಿಕೆ ಯಾಕೆ?

ಇನ್ನು ಎರಡು ಸಣ್ಣ ಕೆಲಸ. ಬಾರ್‌ಕೋಡನ್ನು ಜಿಎಸ್1 ಸಂಸ್ಥೆಯಿಂದಲೇ ತೆಗೆದುಕೊಳ್ಳಿ. ಪ್ಯಾಕಿಂಗ್ ಕಸದ ಹೊಣೆ ನಿಮ್ಮದೇ ಆದ್ದರಿಂದ ಪರಿಸರ ಪ್ರಾಧಿಕಾರವಾದ ಇಆರ್‌ಎಯಲ್ಲಿ ನೋಂದಾಯಿಸಿ, ಗ್ರೀನ್‌ಪ್ಯಾಕ್‌ನಂಥ ಯೋಜನೆಗೆ ಸೇರಿಕೊಳ್ಳಿ. ನೀರು, ತಂಪು ಪಾನೀಯದ ಬಾಟಲಿಗೆ ಇಲ್ಲಿ 10 ಸೆಂಟ್ ಠೇವಣಿ ಇದೆ. ಸಾಸ್ ಪಾನೀಯ ಅಲ್ಲ, ಹಾಗಾಗಿ ಅದು ನಿಮಗೆ ತಾಗುವುದಿಲ್ಲ.

6. ಬೆಲೆಯನ್ನು ಹಿಂದಿನಿಂದ ಕಟ್ಟಿ

ಖರ್ಚು ಕೂಡಿ, ಲಾಭ ಸೇರಿಸಿ ಬೆಲೆ ಇಡಬೇಡಿ. ಶೆಲ್ಫಿನ ಬೆಲೆಯಿಂದ ಹಿಂದೆ ಬನ್ನಿ. ಇದು ಬರೀ ಉದಾಹರಣೆ: 150 ಮಿಲಿ ಬಾಟಲಿ, ಶೆಲ್ಫಿನಲ್ಲಿ 5.50 ಯೂರೊ. ಅಂಗಡಿಯವರು ಶೇ 30 ಇಟ್ಟುಕೊಂಡರೆ ವಿತರಕರಿಗೆ ಬರುವುದು 3.85. ವಿತರಕರು ಶೇ 25 ಇಟ್ಟುಕೊಂಡರೆ ನಿಮ್ಮ ಕೈಗೆ 2.89. ಕಾರ್ಖಾನೆಗೆ 1.60, ಸಾಗಣೆಗೆ 25 ಸೆಂಟ್, ಲೇಬಲ್ ಮತ್ತು ಪ್ಯಾಕಿಂಗ್ ಶುಲ್ಕ 10 ಸೆಂಟ್, ರುಚಿ ತೋರಿಸಲು ಕೊಟ್ಟದ್ದು ಮತ್ತು ಒಡೆದದ್ದು 20 ಸೆಂಟ್. ಒಟ್ಟು 2.15. ಉಳಿದದ್ದು 74 ಸೆಂಟ್. ಮೇಲೆ ಹೇಳಿದ 180 ಬಾಟಲಿಗೆ ತಿಂಗಳಿಗೆ 133 ಯೂರೊ. ವ್ಯಾನಿನ ಡೀಸೆಲ್ಲಿಗೆ ಸರಿಹೋದರೆ ಪುಣ್ಯ.

ಮಾಲ್ಟಾದಲ್ಲಿ ಹೆಚ್ಚಿನ ಆಹಾರಕ್ಕೆ ವ್ಯಾಟ್ ಶೂನ್ಯ. ಕೆಲವು ತಿನಿಸುಗಳಿಗೆ ಮಾತ್ರ ವ್ಯಾಟ್ ಬೀಳುತ್ತದೆ, ಮಾಮೂಲಿ ದರ ಶೇ 18. ನಿಮ್ಮ ಸಾಸ್ ಯಾವ ಕಡೆ ಬೀಳುತ್ತದೆ ಅಂತ ಲೆಕ್ಕಪರಿಶೋಧಕರಿಂದ ಬರಹದಲ್ಲಿ ಪಡೆಯಿರಿ. ಶೇ 18 ಅಂತಾದರೆ ಮೇಲಿನ 74 ಸೆಂಟ್ 30 ಸೆಂಟಿಗೆ ಇಳಿಯುತ್ತದೆ. ಒಂದು ಪತ್ರದ ಬೆಲೆ ಅಷ್ಟು.

ಹಾಗಾದರೆ ಹೊಟ್ಟೆ ತುಂಬುವುದು ಹೇಗೆ? ಹೋಟೆಲ್‌ಗಳಿಂದ. ಕೆಬಾಬ್ ಅಂಗಡಿ, ಬರ್ಗರ್ ಗಾಡಿ, ಭಾರತೀಯ ಮತ್ತು ನೇಪಾಳಿ ಹೋಟೆಲುಗಳಿಗೆ 5 ಲೀಟರಿನ ಕ್ಯಾನ್ ಕೊಡಿ. ಗಾಜಿಲ್ಲ, ಚಂದದ ಲೇಬಲ್ಲಿಲ್ಲ, ನಡುವೆ ವಿತರಕರಿಲ್ಲ. ಮುಖ್ಯವಾಗಿ, ಅಡುಗೆಯವರಿಗೆ ರುಚಿ ಕೂತುಬಿಟ್ಟರೆ ಪ್ರತಿ ವಾರ ಅದೇ ಕ್ಯಾನ್ ಬೇಕು ಅನ್ನುತ್ತಾರೆ. ಎರಡನೇ ಬಾಟಲಿ ಎರಡನೇ ವಾರಕ್ಕೇ ಹೋಗುತ್ತದೆ. ಟೇಬಲ್ ಮೇಲೆ ನಿಮ್ಮ ಸಣ್ಣ ಬಾಟಲಿ ಇಡಲು ಒಪ್ಪಿಸಿದರೆ ಜಾಹೀರಾತೂ ಆಯಿತು.

7. ಅಂಗಡಿಯೊಳಗೆ ಹೋಗುವುದು

ಮೊದಲ ಮೂರು ತಿಂಗಳು ವಿತರಕರ ಹತ್ತಿರ ಹೋಗಬೇಡಿ. ಹತ್ತು ಅಂಗಡಿಗೆ ನೀವೇ ಹೊತ್ತುಕೊಂಡು ಹೋಗಿ. ಏಷ್ಯನ್ ದಿನಸಿ ಅಂಗಡಿ ಐದು, ಸ್ಥಳೀಯ ಕಸಾಯಿ ಅಂಗಡಿ ಎರಡು, ವೈನ್ ಮತ್ತು ಉಡುಗೊರೆ ಮಾರುವ ಅಂಗಡಿ ಮೂರು. ಕಸಾಯಿ ಅಂಗಡಿಯವರನ್ನು ಹಗುರವಾಗಿ ಕಾಣಬೇಡಿ. ಬೇಸಿಗೆಯಲ್ಲಿ ಇಲ್ಲಿಯವರು ಸಮುದ್ರದಂಡೆಯಲ್ಲಿ ಮಾಂಸ ಸುಡುತ್ತಾರೆ. ಮಾಂಸ ಕಟ್ಟಿಕೊಡುವಾಗ "ಜೊತೆಗೆ ಇದು?" ಅನ್ನುವ ಒಂದು ಮಾತು ಸಾಕು.

ಪ್ರತಿ ಸೋಮವಾರ ಎಷ್ಟು ಬಾಟಲಿ ಉಳಿದಿದೆ ಅಂತ ಎಣಿಸಿ. ಯಾರು ಕೊಂಡರು, ಮತ್ತೆ ಕೇಳಿಕೊಂಡು ಬಂದರಾ ಅಂತ ಗಲ್ಲಾದಲ್ಲಿ ಕೂತವರನ್ನು ಕೇಳಿ. ಹನ್ನೆರಡು ವಾರದ ಈ ಎಣಿಕೆ ಹಿಡಿದು ವಿತರಕರ ಮುಂದೆ ಕೂತರೆ ಮಾತಿನ ಧಾಟಿಯೇ ಬೇರೆ ಆಗುತ್ತದೆ. ಇಲ್ಲದಿದ್ದರೆ ರುಚಿ ನೋಡಿ, ತಲೆದೂಗಿ, "ಆಮೇಲೆ ಫೋನ್ ಮಾಡ್ತೀವಿ" ಅನ್ನುತ್ತಾರೆ. ಆ ಫೋನ್ ಬರುವುದಿಲ್ಲ.

ಹಣದ ಗಡುವನ್ನು ಬರೆಸಿಕೊಳ್ಳಿ. ಒಬ್ಬ ಅಂಗಡಿಯವರು ನನಗೆ ಐದು ತಿಂಗಳು "ಮುಂದಿನ ವಾರ" ಅಂತಲೇ ಹೇಳಿದರು. ಬೇಗ ಕೆಡದ ಆಹಾರ ಸರಕಿಗೆ ದೊಡ್ಡ ಖರೀದಿದಾರರು ಸಣ್ಣ ಪೂರೈಕೆದಾರರಿಗೆ 60 ದಿನದೊಳಗೆ ಹಣ ಕೊಡಬೇಕು ಅನ್ನುವ ಯುರೋಪಿನ ನಿಯಮ ಇದೆ. ಆದರೆ ಸಣ್ಣ ದ್ವೀಪದಲ್ಲಿ ಮೊದಲ ದಿನವೇ ಕಾನೂನು ಮಾತಾಡಿದರೆ ಎರಡನೇ ದಿನ ಬಾಗಿಲು ತೆರೆಯುವುದಿಲ್ಲ. ಬಾಕಿ ತೀರುವವರೆಗೆ ಹೊಸ ಪೆಟ್ಟಿಗೆ ಇಳಿಸದಿರುವುದೇ ನಡೆಯುವ ಉಪಾಯ.

ಮಾಲ್ಟಾಕ್ಕೇ ಸೇರಿದ ಪಕ್ಕದ ಗೋಜೊ ದ್ವೀಪಕ್ಕೆ ವಾರಕ್ಕೊಮ್ಮೆ ಹೋಗುವ ಆಸೆ ಬೇಡ. ಹಡಗಿನ ದಾರಿ 25 ನಿಮಿಷವೇ, ಆದರೆ ಸಾಲಿನಲ್ಲಿ ಕಾಯುವುದು ಜಾಸ್ತಿ. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ಬರುವಾಗ ಕೇಳುತ್ತಾರೆ. ತಿಂಗಳಿಗೊಮ್ಮೆ ಹೋಗಿ, ಅಲ್ಲಿಯ ಒಂದೇ ಅಂಗಡಿಗೆ ಹೆಚ್ಚು ಇಳಿಸಿ ಬನ್ನಿ.

8. ರುಚಿ ತೋರಿಸುವ ಜಾಗ, ಪ್ರವಾಸಿಗರ ಬಾಟಲಿ

ತಾ ಆಲಿಯ ರೈತರ ಸಂತೆ, ಮಾರ್ಸಶ್ಲೋಕ್‌ನ ಭಾನುವಾರದ ಮೀನು ಸಂತೆಯಂಥ ಕಡೆ ಮೇಜು ಹಾಕುವುದಾದರೆ ಅನುಮತಿ ಕೇಳಿಕೊಂಡು ಹೋಗಿ. ಚಮಚದಲ್ಲಿ ಬರೀ ಸಾಸ್ ಕೊಡಬೇಡಿ. ಕೆಮ್ಮಿ, ನಕ್ಕು, ಮುಂದೆ ಹೋಗುತ್ತಾರೆ. ಗಲ್ಲೆತ್ತಿಯ ಮೇಲೆ ಸ್ವಲ್ಪ ಮೆತ್ತನೆ ಚೀಸ್, ಅದರ ಮೇಲೆ ಎರಡು ಹನಿ ಹಾಕಿ ಕೊಡಿ. ಮನೆಯಲ್ಲಿ ಇದನ್ನು ಯಾವುದಕ್ಕೆ ಹಾಕಿಕೊಳ್ಳಬಹುದು ಅಂತ ಅವರ ನಾಲಿಗೆಗೇ ಗೊತ್ತಾಗುತ್ತದೆ.

ಪ್ರವಾಸಿಗರಿಗೆ 150 ಮಿಲಿ ಬಾಟಲಿ ತೋರಿಸುವುದು ದಂಡ. ಬಹಳ ಜನ ಕೈಚೀಲ ಮಾತ್ರ ಹಿಡಿದು ವಿಮಾನ ಹತ್ತುವವರು. ಸಾಸ್ ದ್ರವದ ಲೆಕ್ಕಕ್ಕೆ ಬರುತ್ತದೆ, ಕೈಚೀಲಕ್ಕೆ 100 ಮಿಲಿ ಅನ್ನುವ ಮಿತಿ ಇನ್ನೂ ಎಷ್ಟೋ ವಿಮಾನ ನಿಲ್ದಾಣಗಳಲ್ಲಿದೆ. ಹಾಗಾಗಿ 100 ಮಿಲಿ ಬಾಟಲಿಯನ್ನೇ ಮಾಡಿಸಿ, ಕೈಚೀಲದಲ್ಲಿ ಒಯ್ಯಬಹುದು ಅಂತ ಮೇಜಿನ ಮೇಲೆ ಚೀಟಿ ಇಡಿ. ಪ್ರವಾಸಿಗರು ಎರಡನೇ ಬಾಟಲಿಗೆ ಬರುವವರಲ್ಲ. ಹಾಗಾಗಿ ಅವರಿಗೆ ಮೂರರ ಪೆಟ್ಟಿಗೆ ಕಟ್ಟಿ ಒಂದೇ ಸಲ ಮಾರಿ.

9. ಆಗಸ್ಟ್ ಬರುವ ಮೊದಲು

ಬೇಸಿಗೆಯಲ್ಲಿ ಗೋದಾಮು ಬಿಸಿಯೇರುತ್ತದೆ. ಬಿಸಿಲಿಗೆ ಕೆಂಪು ಬಣ್ಣ ಕಂದಾಗುತ್ತದೆ, ಮೇಲೆ ನೀರು ಬಿಡುತ್ತದೆ, ತೇವಕ್ಕೆ ಕಾಗದದ ಲೇಬಲ್ ಏಳುತ್ತದೆ. ನೀರು ಬಿಡದಂತೆ, ಸಾಸನ್ನು ಮಂದ ಮಾಡುವ ಕ್ಸಾಂಥನ್ ಗಮ್ ಪುಡಿ ಚಿಟಿಕೆಯಷ್ಟು ಸಾಕು. ಲೇಬಲ್ ಪ್ಲಾಸ್ಟಿಕ್ ಹಾಳೆಯದು ಇರಲಿ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಸಾಲಾಗಿ ಜೋಡಿಸುತ್ತೇವೆ ಅಂದರೆ ಖಾಲಿ ಬಾಟಲಿಗೆ ಬಣ್ಣದ ನೀರು ತುಂಬಿ ಕೊಡಿ.

ಆಗಸ್ಟ್ 15 ಸಾಂತಾ ಮರಿಯಾ ಹಬ್ಬ. ಆ ವಾರ ದ್ವೀಪದ ಅರ್ಧ ಕಚೇರಿ, ಗೋದಾಮುಗಳು ಬಾಗಿಲು ಹಾಕುತ್ತವೆ. ಇಟಲಿಯಲ್ಲೂ ಅದೇ ರಜೆ, ನಿಮ್ಮ ಸಾಸ್ ಕುದಿಸುವ ಕಾರ್ಖಾನೆಗೂ ಬೀಗ. ಬಾರ್ಬೆಕ್ಯೂ ಭರದಲ್ಲಿ ಸರಕು ಖಾಲಿಯಾಗುವುದೂ ಸರಿಯಾಗಿ ಅದೇ ಹೊತ್ತಿಗೆ. ಆಗಸ್ಟ್ ಮತ್ತು ಸೆಪ್ಟೆಂಬರಿಗೆ ಬೇಕಾದದ್ದನ್ನು ಜೂನ್ ಕೊನೆಗೇ ಆರ್ಡರ್ ಮಾಡಿ, ಜುಲೈ ಮೂರನೇ ವಾರದ ಟ್ರೇಲರಿಗೆ ಜಾಗ ಹಿಡಿಯಿರಿ.